ತೋಟದ ಹಕ್ಕಿ, ಬೆಟ್ಟದ ಲೆಕ್ಕ

ಯೆರವಡಾ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಇಲ್ಲಿನ ಕಾರಾಗೃಹ. 1932ರಲ್ಲಿ ಗಾಂಧೀಜಿಯವರು ಉಪವಾಸ ಕೈಗೊಂಡ, ಪುಣೆ ಒಪ್ಪಂದಕ್ಕೆ ಸಾಕ್ಷಿಯಾದ ಜಾಗ. ಇಲ್ಲಿಯೇ ವಾಸಿಸುವ ನಮ್ಮಂಥವರಿಗೆ ಈ ಬಡಾವಣೆಗೆ ಇನ್ನೊಂದು ಗುರುತೂ ಇದೆ. ಮುಳಾ-ಮುಠಾ ನದಿಯ ದಂಡೆಯಲ್ಲಿ ಡಾ. ಸಲೀಂ ಅಲಿಯವರ ಹೆಸರು ಹೊತ್ತ ಒಂದು ಪಕ್ಷಿಧಾಮವಿದೆ. ಆ ಹೆಸರಿಗೂ ನಮ್ಮ ನಾಡಿಗೂ ಹಳೆಯ ನಂಟು. 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯನ್ನು ನಡೆಸಿದವರು ಸಲೀಂ ಅಲಿಯವರೇ. ಅದರ ಫಲಿತಾಂಶ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು.

ಆ ಕಾಲದ ಸಮೀಕ್ಷೆಯ ಪ್ರಶ್ನೆ ಸರಳವಾಗಿತ್ತು: ಈ ಸೀಮೆಯಲ್ಲಿ ಯಾವ ಯಾವ ಹಕ್ಕಿಗಳಿವೆ? ಇಂದಿನ ಸಮೀಕ್ಷಕರ ಪ್ರಶ್ನೆ ಬೇರೆ: ಯಾವ ಹಕ್ಕಿಗಳು ಯಾರ ನೆಲದಲ್ಲಿ, ಯಾವ ಬೆಳೆಯ ನಡುವೆ, ಯಾರ ಜೊತೆಗೆ ಬದುಕಿವೆ? ಮೊದಲನೆಯ ಪ್ರಶ್ನೆಗೆ ಪಟ್ಟಿ ಸಾಕು. ಎರಡನೆಯದಕ್ಕೆ ಸಮುದಾಯದ ಕಲ್ಪನೆ ಬೇಕು. ಇಂಗ್ಲಿಷ್ ಸಾಹಿತ್ಯವನ್ನು ಓದಿ ಬೆಳೆದ ನನ್ನಂಥವರ ಮನಸ್ಸಿನಲ್ಲಿ ಹಕ್ಕಿ ಎಂದರೆ ಒಂಟಿ ಗಾಯಕ. ಕೀಟ್ಸನ ನೈಟಿಂಗೇಲ್, ಶೆಲ್ಲಿಯ ಸ್ಕೈಲಾರ್ಕ್ ಎರಡೂ ಕವಿಗೆ ಒಬ್ಬೊಬ್ಬರಾಗಿಯೇ ಕೇಳಿಸುತ್ತವೆ. ಪರಿಸರ ವಿಜ್ಞಾನಿ ಹಾಗೆ ಕೇಳಿಸಿಕೊಳ್ಳುವುದಿಲ್ಲ. ಹಣ್ಣು ತಿನ್ನುವವು ಎಷ್ಟು, ಹುಳು ಹೆಕ್ಕುವವು ಎಷ್ಟು, ಮಕರಂದ ಹೀರುವವು ಎಷ್ಟು, ದಟ್ಟ ಕಾಡನ್ನು ಬಿಟ್ಟು ಬಾಳಲಾರದವು ಎಷ್ಟು ಎಂದು ಅವನು ವಿಂಗಡಿಸುತ್ತಾನೆ. ಒಂದು ತೋಟದ ಆರೋಗ್ಯ ಆ ವಿಂಗಡಣೆಯಲ್ಲಿ ಕಾಣುತ್ತದೆ. ಒಟ್ಟು ಸಂಖ್ಯೆಯಲ್ಲಿ ಕಾಣುವುದಿಲ್ಲ.

ಈ ಬಗೆಯ ಸಮೀಕ್ಷೆಗಳು ಜಗತ್ತಿನಲ್ಲಿ ಹೆಚ್ಚಾಗಿ ನಡೆದಿರುವ ಜಾಗಗಳಲ್ಲಿ ಕೊಕ್ಕೊ ತೋಟಗಳೂ ಸೇರಿವೆ. ಕಾರಣ ಊಹಿಸಬಹುದು. ಅಮೆಜಾನ್ ಸೀಮೆಯ ಕಾಡಿನ ಕೆಳಹಂತದ ಮರವಾದ ಕೊಕ್ಕೊ ನೆರಳಿನಲ್ಲಿ ಬದುಕಬಲ್ಲದು. ಬ್ರೆಜಿಲಿನ ಬಹಿಯಾ ಪ್ರಾಂತ್ಯದಲ್ಲಿ ಕಾಡಿನ ದೊಡ್ಡ ಮರಗಳನ್ನು ಉಳಿಸಿಕೊಂಡು, ಕೆಳಗಿನ ಗಿಡಗಂಟಿಗಳನ್ನು ಮಾತ್ರ ಸವರಿ ಕೊಕ್ಕೊ ನೆಡುತ್ತಾರೆ. ಆ ಪದ್ಧತಿಗೆ ಅಲ್ಲಿ ಕಬ್ರೂಕ ಎಂದು ಹೆಸರು. ಇಂಡೋನೇಷ್ಯಾದ ಸುಲವೇಸಿ ದ್ವೀಪದಲ್ಲಿ ನಡೆದ ಒಂದು ಪ್ರಯೋಗ 2013ರಲ್ಲಿ ಪ್ರಕಟವಾಗಿ ಬಹಳ ಹೆಸರು ಮಾಡಿತು. ಅಲ್ಲಿ ಕೊಕ್ಕೊ ಮರಗಳಿಗೆ ಬಲೆ ಹೊದಿಸಿ ಹಕ್ಕಿಗಳೂ ಬಾವಲಿಗಳೂ ಬಾರದಂತೆ ಮಾಡಿದಾಗ ಇಳುವರಿ ಶೇ 31ರಷ್ಟು ಕುಸಿಯಿತು. ಕೀಟಗಳನ್ನು ತಿನ್ನುವ ರೆಕ್ಕೆಯ ಕೂಲಿಗಳು ಸಂಬಳವಿಲ್ಲದೆ ದುಡಿಯುತ್ತಿದ್ದವು ಎಂಬುದು ಅವು ಬಾರದಿದ್ದಾಗ ಲೆಕ್ಕಕ್ಕೆ ಬಂತು.

ಇಂಥ ಸಂಖ್ಯೆಗಳು ಚಾಕೊಲೇಟಿನ ಹೊದಿಕೆಯ ಮೇಲೆ ಹಕ್ಕಿಯ ಚಿತ್ರವಾಗಿ ಇಳಿಯಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಆದರೆ ಸುಲವೇಸಿಯ ಸಂಖ್ಯೆಯನ್ನೋ ಬಹಿಯಾದ ತೀರ್ಮಾನವನ್ನೋ ಎತ್ತಿ ತಂದು ಪುತ್ತೂರು, ವಿಟ್ಲ, ಸುಳ್ಯ, ಕಾಸರಗೋಡುಗಳ ತೋಟಗಳಿಗೆ ಅಂಟಿಸುವುದು ತಪ್ಪು. ಇದು ನನ್ನ ಮೊದಲ ಮಾತು. ಎರಡನೆಯದು ಇದಕ್ಕಿಂತ ಮುಖ್ಯವಾದದ್ದು: ನಮ್ಮ ತೋಟಗಳಲ್ಲಿ ಹಕ್ಕಿಗಳನ್ನು ಎಣಿಸುವಾಗ ತೋಟವನ್ನಷ್ಟೇ ಎಣಿಸಿದರೆ ನಮಗೆ ಸಿಗುವುದು ಸುಳ್ಳು ಲೆಕ್ಕ. ತೋಟದ ಹಕ್ಕಿ ಬಹುಪಾಲು ಬೆಟ್ಟದ ಹಕ್ಕಿ. ಬೆಟ್ಟವನ್ನು ಕಳೆದುಕೊಂಡು ತೋಟದ ಪಟ್ಟಿಯನ್ನು ಮೆರೆಸುವುದರಲ್ಲಿ ಅರ್ಥವಿಲ್ಲ.

ಮೊದಲನೆಯ ಮಾತನ್ನು ವಿವರಿಸುತ್ತೇನೆ. ಬ್ರೆಜಿಲಿನಲ್ಲಾಗಲಿ ಪಶ್ಚಿಮ ಆಫ್ರಿಕದಲ್ಲಾಗಲಿ ಕೊಕ್ಕೊ ಬಂದದ್ದು ಕಾಡಿನ ಜಾಗಕ್ಕೆ. ಹಾಗಾಗಿ ಅಲ್ಲಿನ ಸಮೀಕ್ಷಕರ ಪ್ರಶ್ನೆ, ‘ಕೊಕ್ಕೊದಿಂದ ಕಾಡಿನ ಹಕ್ಕಿಗಳಲ್ಲಿ ಎಷ್ಟು ಹೋದವು, ಎಷ್ಟು ಉಳಿದವು?’ ಎಂಬುದು. ನಮ್ಮಲ್ಲಿ ಕೊಕ್ಕೊ ಬಂದದ್ದು ಆಗಲೇ ಇದ್ದ ಅಡಿಕೆ, ತೆಂಗಿನ ತೋಟಗಳಿಗೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಮತ್ತು ಅದರ ವಿಟ್ಲದ ಕೇಂದ್ರದ ಶಿಫಾರಸು ಹೀಗಿದೆ: 2.7 ಮೀಟರ್ ಅಂತರದಲ್ಲಿ ಅಡಿಕೆ ಇರುವ ತೋಟದಲ್ಲಿ 2.7 × 5.4 ಮೀಟರ್ ಅಂತರಕ್ಕೆ ಕೊಕ್ಕೊ. ಅಂದರೆ ಎರಡು ಸಾಲು ಅಡಿಕೆಯ ನಡುವೆ ಒಂದು ಸಾಲು, ಸಾಲು ಬಿಟ್ಟು ಸಾಲು. ಅಡಿಕೆಯ ಎತ್ತರದ ಕಂಬಗಳ ಕೆಳಗೆ, ಬರಿದಾಗಿದ್ದ ನಡುಹಂತಕ್ಕೆ, ಅಗಲ ಎಲೆಯ ಒಂದು ಮಾಳಿಗೆ ಸೇರಿತು. ಆದ್ದರಿಂದ ನಮ್ಮ ಪ್ರಶ್ನೆ ತಿರುಗುಮುರುಗು: ‘ಕೊಕ್ಕೊ ಒಂದು ಮಾಳಿಗೆಯನ್ನು ಸೇರಿಸಿದಾಗ ಎಷ್ಟು ಹಕ್ಕಿಗಳು ಬಂದವು? ಅದನ್ನು ಕಿತ್ತಾಗ ಎಷ್ಟು ಹೋದವು?’

ಕಿತ್ತದ್ದೂ ಉಂಟು. 1980ರ ದಶಕದ ಆರಂಭದಲ್ಲಿ ಕೊಕ್ಕೊ ಬೆಲೆ ಬಿದ್ದು, ಖಾಸಗಿ ಖರೀದಿದಾರರು ಹಿಂದೆ ಸರಿದಾಗ ಎಷ್ಟೋ ಬೆಳೆಗಾರರು ಮರಗಳನ್ನು ಕಡಿದು ಹಾಕಿದರು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆಗೆಂದು ಹುಟ್ಟಿದ್ದ ಕ್ಯಾಂಪ್ಕೊ ಆಗ ಕೊಕ್ಕೊ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಸಹಕಾರಿ ಚಳವಳಿಯ ಈ ಕಥೆಯನ್ನು ನಾವು ಬೆಳೆಗಾರರ ಕಥೆಯಾಗಿ ಹೇಳುತ್ತೇವೆ, ಅದು ಸರಿ. ಆದರೆ ಉಳಿದ ಪ್ರತಿ ಕೊಕ್ಕೊ ಮರದ ಜೊತೆಗೆ ನೆರಳಿನ ಒಂದು ಹಂತವೂ ತರಗೆಲೆ ಹಾಸಿದ ನೆಲವೂ ಉಳಿದವು. ಚಳಿಗಾಲಕ್ಕೆ ಉತ್ತರದಿಂದ ನಮ್ಮ ಘಟ್ಟಗಳಿಗೆ ಬರುವ ನವರಂಗ ಹಕ್ಕಿ ತರಗೆಲೆಗಳನ್ನು ಮಗುಚಿ ಹುಳು ಹುಡುಕುವ ಜೀವಿ. ಗುಡಿಸಿ ಇಟ್ಟಂತಿರುವ ಬೋಳು ನೆಲದಲ್ಲಿ ಅದಕ್ಕೆ ಕೆಲಸವಿಲ್ಲ. ಬೆಲೆಯ ನಿರ್ಧಾರ ಹಕ್ಕಿಯ ನಿರ್ಧಾರವೂ ಆಗುತ್ತದೆ. 2024ರಲ್ಲಿ ನ್ಯೂಯಾರ್ಕಿನ ಪೇಟೆಯಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರನ್ನೂ ದಾಟಿತು. ಇಂಥ ಏರಿಳಿತಗಳ ನಡುವೆ ನೆಡುವುದೂ ಕೀಳುವುದೂ ಮತ್ತೆ ಮತ್ತೆ ನಡೆಯುವ ಸಂಗತಿ.

ಈಗ ಎರಡನೆಯ ಮಾತು. ಇದಕ್ಕೆ ಆಧಾರ ಉತ್ತರ ಕನ್ನಡದಲ್ಲಿದೆ. ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದ ಮಾಧವ ಗಾಡ್ಗೀಳರ ಬಳಗಕ್ಕೆ ಆ ಜಿಲ್ಲೆ ಬಹುಕಾಲ ಬಯಲು ಪ್ರಯೋಗಶಾಲೆಯಾಗಿತ್ತು. ಆ ಬಳಗದ ರಂಜಿತ್ ಡೇನಿಯಲ್ಸ್ ಮತ್ತು ಎಂ. ಡಿ. ಸುಭಾಷ್ ಚಂದ್ರನ್ ಅವರು ಜೈ ರಂಗನಾಥನ್, ಪಾಲ್ ಎರ್ಲಿಕ್, ಗ್ರೆಚೆನ್ ಡೈಲಿ ಅವರೊಂದಿಗೆ ಸೇರಿ 2008ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಎಡೆಬಿಡದೆ ಸಾಗುವಳಿ ಕಂಡ ಸೀಮೆಯಲ್ಲಿ, ಅಲ್ಲಿನ ಕಾಡಿಗೆ ಸೇರಿದ ಪಕ್ಷಿ ಪ್ರಭೇದಗಳಲ್ಲಿ ಶೇ 90ರಷ್ಟು ಅಡಿಕೆ ಬೇಸಾಯದ ವ್ಯವಸ್ಥೆಯಲ್ಲಿ ಉಳಿದುಕೊಂಡಿವೆ ಎಂಬುದು ಅವರ ತೀರ್ಮಾನ.

ಈ ಶೇ 90 ನಮಗೆಲ್ಲ ಹೆಮ್ಮೆ ತರುವ ಸಂಖ್ಯೆ. ಸಭೆಗಳಲ್ಲಿ ಹೇಳಲು ಚೆನ್ನಾಗಿದೆ. ಆದರೆ ವಾಕ್ಯದ ಕೊನೆಯ ಪದವನ್ನು ಗಮನಿಸಬೇಕು. ಅವರು ಹೇಳಿದ್ದು ಅಡಿಕೆ ‘ತೋಟ’ ಎಂದಲ್ಲ, ಅಡಿಕೆ ಬೇಸಾಯದ ‘ವ್ಯವಸ್ಥೆ’ ಎಂದು. ಹಕ್ಕಿಗಳು ಉಳಿದದ್ದಕ್ಕೆ ಅವರು ಕೊಟ್ಟ ಕಾರಣಗಳು ಎರಡು. ಒಂದು, ಅಡಿಕೆಯ ಕೆಳಗೆ ಹಲವು ಬೆಳೆಗಳನ್ನು ಬೆಳೆಯುವುದರಿಂದ ತೋಟಕ್ಕೆ ಹಲವು ಹಂತಗಳಿವೆ. ಇನ್ನೊಂದು, ಗೊಬ್ಬರಕ್ಕೆ ಬೇಕಾದ ಸೊಪ್ಪು, ದರಕುಗಳಿಗಾಗಿ ಬೆಳೆಗಾರರು ತೋಟದ ಪಕ್ಕದ ಕಾಡನ್ನು ಉಳಿಸಿಕೊಂಡಿದ್ದಾರೆ. ಶಿರಸಿ ಸೀಮೆಯವರು ಇದನ್ನು ಸೊಪ್ಪಿನ ಬೆಟ್ಟ ಎನ್ನುತ್ತಾರೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟದ ಸವಲತ್ತು ಅಲ್ಲಿದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನಲ್ಲಿ ಇದಕ್ಕೆ ಹತ್ತಿರದ್ದು ಕುಮ್ಕಿ: ಮದ್ರಾಸ್ ಆಡಳಿತದ ಕಾಲದಿಂದ ಬಂದ ಹಕ್ಕು, ವರ್ಗ ಜಮೀನಿನ ಎಲ್ಲೆಯಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವು ಪಡೆಯುವ ಅವಕಾಶ.

ಹಕ್ಕಿಯ ಕಡೆಯಿಂದ ಇದನ್ನು ನೋಡೋಣ. ಪಶ್ಚಿಮ ಘಟ್ಟಗಳಿಗೇ ಸೀಮಿತವಾದ ಮಲಬಾರ್ ಬೂದು ಮಂಗಟ್ಟೆ ತೋಟದಲ್ಲಿ ಹಾರಾಡುವುದನ್ನು ಮಲೆನಾಡಿನವರು ಬಲ್ಲರು. ಆದರೆ ಅದರ ಸಂಸಾರ ನಡೆಯುವುದು ದೊಡ್ಡ ಮರದ ಸಹಜ ಪೊಟರೆಯಲ್ಲಿ. ಹೆಣ್ಣು ಒಳಗೆ ಸೇರಿ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಒಂದು ಸಣ್ಣ ಬಿರುಕು ಮಾತ್ರ ಉಳಿಯುತ್ತದೆ. ಗಂಡು ವಾರಗಟ್ಟಲೆ ಹಣ್ಣು ತಂದು ಆ ಬಿರುಕಿನಿಂದ ಉಣ್ಣಿಸುತ್ತದೆ. ತೆಳ್ಳನೆಯ ಅಡಿಕೆ ಕಂಬದಲ್ಲಿ ಅಂಥ ಪೊಟರೆ ಆಗುವುದಿಲ್ಲ. ಕೊಕ್ಕೊವನ್ನೋ ಪ್ರತಿವರ್ಷ ಸವರಿ ಗಿಡ್ಡವಾಗಿ ಇಡುತ್ತೇವೆ. ಮಂಗಟ್ಟೆಗೆ ತೋಟ ಊಟದ ಮನೆಯಾಗಬಲ್ಲದು, ಬಾಣಂತಿ ಕೋಣೆಯಾಗಲಾರದು. ತೋಟದಲ್ಲಿ ನಿಂತು ಎಣಿಸಿದವನ ಪುಸ್ತಕದಲ್ಲಿ ಅದು ತೋಟದ ಹಕ್ಕಿ. ಬೆಟ್ಟದ ಮುದಿ ಮರ ಉರುಳಿದ ಮೇಲೂ ಕೆಲವು ವರ್ಷ ಅದು ಅದೇ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತಿರುತ್ತದೆ, ಏಕೆಂದರೆ ಬದುಕಿರುವ ಹಕ್ಕಿ ಹಾರಾಡುತ್ತಲೇ ಇರುತ್ತದೆ. ಮರಿಗಳಿಲ್ಲ ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಎಣಿಸುವ ವಿಧಾನದಲ್ಲಿಯೇ ಇನ್ನೊಂದು ಮೋಸವಿದೆ. ರೂಢಿಯಲ್ಲಿರುವ ಕ್ರಮ ಇದು: ಮೊದಲೇ ಗೊತ್ತುಮಾಡಿದ ಬಿಂದುಗಳಲ್ಲಿ ಬೆಳಗಿನ ಹೊತ್ತು ಹತ್ತು ನಿಮಿಷದಂತೆ ಸುಮ್ಮನೆ ನಿಂತು, ಐವತ್ತು ಮೀಟರ್ ಸುತ್ತಿನಲ್ಲಿ ಕಂಡ, ಕೇಳಿದ ಹಕ್ಕಿಗಳನ್ನು ಬರೆದುಕೊಳ್ಳುವುದು. ಸಾಲು ಹಿಡಿದು ನೆಟ್ಟ ತೋಟದಲ್ಲಿ ಕಣ್ಣು ದೂರ ಹರಿಯುತ್ತದೆ. ದಟ್ಟ ಬೆಟ್ಟದಲ್ಲಿ ಹತ್ತು ಮಾರು ದೂರದ ಹಕ್ಕಿಯೂ ಕಾಣದು, ಕಿವಿಯೇ ಗತಿ. ಕಿವಿ ಪಳಗದವನಿಗೆ ಬೆಟ್ಟ ಬಡವಾಗಿಯೂ ತೋಟ ಶ್ರೀಮಂತವಾಗಿಯೂ ತೋರುವುದು ಸಹಜ. ಆದ್ದರಿಂದಲೇ ಬಲ್ಲವರು ಪ್ರತಿ ಹಕ್ಕಿಯ ದೂರವನ್ನೂ ಗುರುತು ಹಾಕಿಕೊಂಡು, ಕಾಣದೆ ಉಳಿದಿರಬಹುದಾದವನ್ನು ಲೆಕ್ಕದಲ್ಲಿ ಸರಿದೂಗಿಸುತ್ತಾರೆ. ಆ ಶ್ರಮವಿಲ್ಲದ ಪಟ್ಟಿಯನ್ನು ಹಿಡಿದು ‘ನಮ್ಮ ತೋಟ ಕಾಡಿಗಿಂತ ಮೇಲು’ ಎನ್ನುವುದು ಅವಸರದ ಮಾತು. ಪಿಕಳಾರ, ಗೊರವಂಕ, ಮಡಿವಾಳ ಹಕ್ಕಿಗಳಿಂದ ಪಟ್ಟಿಯನ್ನು ಉದ್ದ ಮಾಡುವುದು ಕಷ್ಟವಲ್ಲ. ಅವು ಎಲ್ಲೂ ಬದುಕುತ್ತವೆ. ಕಾಡಿನ ಒಳಗನ್ನು ಬಿಟ್ಟು ಬಾರದ ಕಾಕರಣೆ ಹಕ್ಕಿ ಇಲ್ಲವಾದಾಗ ಅದರ ಜಾಗವನ್ನು ಎರಡು ಗೊರವಂಕ ತುಂಬಿದರೆ ಸಂಖ್ಯೆ ಏರುತ್ತದೆ, ಸಮುದಾಯ ಸೊರಗುತ್ತದೆ.

ಬೆಟ್ಟದ ಮಾತು ಕಾಫಿಗೂ ಸಲ್ಲುತ್ತದೆ. ಕೃತಿ ಕಾರಂತ (ಶಿವರಾಮ ಕಾರಂತರ ಮೊಮ್ಮಗಳು), ಪಾಲ್ ರಾಬಿನ್ಸ್ ಮತ್ತು ಸಂಗಡಿಗರು ಕರ್ನಾಟಕದ ಘಟ್ಟದ ಜಿಲ್ಲೆಗಳ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 204 ಪ್ರಭೇದಗಳು ದಾಖಲಾದವು. ಮೂರರಲ್ಲಿ ಕಾಫಿಯೇ ಮುಂದು. 2018ರಲ್ಲಿ ಬಂದ ಮತ್ತೊಂದು ಅಧ್ಯಯನದ ಪ್ರಕಾರ ಕಾಫಿ ತೋಟಗಳಲ್ಲಿ ಕಾಡನ್ನು ಆಶ್ರಯಿಸಿದ 79 ಪ್ರಭೇದಗಳು ಸಿಕ್ಕಿದವು. ಬೂದುತಲೆ ಪಿಕಳಾರ, ನೀಲಗಿರಿ ಕಾಡುಪಾರಿವಾಳದಂಥ ಅಪಾಯದ ಅಂಚಿನವೂ ಅವುಗಳಲ್ಲಿದ್ದವು. ಕಾಫಿ ಮುಂದಿರುವುದು ಗಿಡದ ಗುಣದಿಂದಲ್ಲ. ಅದರ ಮೇಲೆ ಬಿಟ್ಟಿರುವ ಕಾಡುಮರಗಳಿಂದ. ಅಲ್ಲಿ ಬೆಟ್ಟ ತೋಟದ ಒಳಗೇ ಇದೆ. ಅಡಿಕೆ-ಕೊಕ್ಕೊ ಸೀಮೆಯಲ್ಲಿ ಬೆಟ್ಟ ತೋಟದ ಹೊರಗೆ, ಬೇಲಿಯ ಆಚೆ ಇದೆ. ಹಾಗಾಗಿ ಅಲ್ಲಿ ಅದನ್ನು ಮರೆಯುವುದು ಸುಲಭ.

ಕೇಂದ್ರ ಸರ್ಕಾರದ ನೌಕರನಾಗಿ ಎರಡು ದಶಕ ಕಡತಗಳ ನಡುವೆ ಕಳೆದ ನನಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಕಾಲಮ್ಮು ಇಲ್ಲದ ವಸ್ತು ಕಡತದಲ್ಲಿ ಇರುವುದಿಲ್ಲ. ಪಹಣಿಯಲ್ಲಿ ತೋಟದ ಮಾಲೀಕನಿಗೆ ಹೆಸರಿದೆ, ಬೆಳೆಗೂ ಹೆಸರಿದೆ. ಕುಮ್ಕಿಯ ಮರಗಳಿಗೂ ಅದರ ಹಕ್ಕಿಗಳಿಗೂ ಇಲ್ಲ. ಕುಮ್ಕಿಯ ಸವಲತ್ತನ್ನು ಒಡೆತನವನ್ನಾಗಿಸಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು. ಎಷ್ಟೋ ಕಡೆ ಕುಮ್ಕಿ ಆಗಲೇ ರಬ್ಬರ್ ಅಥವಾ ಗೇರು ಆಗಿದೆ. ಕಾಡಿನ ಸೊಪ್ಪಿನ ಜಾಗಕ್ಕೆ ಗೊಬ್ಬರದ ಮೂಟೆ ಬಂದ ಮೇಲೆ ಬೆಟ್ಟವನ್ನು ಉಳಿಸಿಕೊಳ್ಳಲು ಬೆಳೆಗಾರನಿಗೆ ಹಿಂದಿದ್ದ ಕಾರಣವೇ ಇಲ್ಲವಾಗುತ್ತದೆ. 2008ರ ಅಧ್ಯಯನದ ಒಳತಿರುಳು ಇದೇ: ಭಕ್ತಿಯೂ ಕಾನೂನೂ ಮಾಡಲಾಗದ ಕೆಲಸವನ್ನು ಅಗತ್ಯ ಮಾಡಿತ್ತು. ಆ ಅಗತ್ಯ ತಪ್ಪಿದಲ್ಲಿ ಬೆಟ್ಟ ಯಾರ ಬಲದಿಂದ ನಿಲ್ಲಬೇಕು?

ಇಲ್ಲಿ ಬೆಳೆಗಾರರ ಆಕ್ಷೇಪವನ್ನು ಕೇಳದಿರುವುದು ನ್ಯಾಯವಲ್ಲ. ಅವರ ಮಾತಿನಲ್ಲಿ ಎರಡು ಎಳೆಗಳಿವೆ. ಒಂದು: ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳಿಂದ ಅಡಿಕೆಯೇ ಕೈಬಿಡುತ್ತಿರುವಾಗ, ಕೆಲಸಕ್ಕೆ ಜನ ಸಿಗದಿರುವಾಗ, ಹಕ್ಕಿಗಳ ಚಾಕರಿ ಯಾರು ಮಾಡುತ್ತಾರೆ? ಇನ್ನೊಂದು ಇದಕ್ಕಿಂತ ಆಳದ್ದು: ಅಪರೂಪದ ಹಕ್ಕಿ ನಮ್ಮ ಬೆಟ್ಟದಲ್ಲಿದೆ ಎಂದು ಬರೆದುಕೊಟ್ಟರೆ ನಾಳೆ ಇಲಾಖೆಯವರು ಬಂದು ಬೇಲಿ ಹಾಕುವುದಿಲ್ಲವೇ? ಪಶ್ಚಿಮ ಘಟ್ಟಗಳ ಕುರಿತು 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿಗಳು ಬಂದಾಗ ಮಲೆನಾಡು ಕಂಡ ಆತಂಕದ ಬೇರು ಇಲ್ಲೇ ಇದೆ. ದೂರದ ಊರಿನಲ್ಲಿ ಕುಳಿತು ಆ ಭಯವನ್ನು ಅಜ್ಞಾನ ಎಂದು ಕರೆಯುವವರಿದ್ದಾರೆ. ನಾನು ಹಾಗೆ ಕರೆಯಲಾರೆ. ಬೇರೆಯವರು ಬಂದು ಎಣಿಸಿ, ಬೇರೆ ಭಾಷೆಯಲ್ಲಿ ಬರೆದು, ಬೇರೆ ಊರಿನಲ್ಲಿ ತೀರ್ಮಾನಿಸುವ ಎಣಿಕೆಗೆ ಯಾವ ಊರಿನವರಾದರೂ ಅಂಜುತ್ತಾರೆ.

ಹಾಗಿದ್ದರೆ ಎಣಿಕೆ ಅವರದೇ ಆಗಲಿ. ಇದಕ್ಕೆ ಮಾದರಿ ಗಡಿಯ ಆಚೆಗೇ ಇದೆ. ಕೇರಳದ ಪಕ್ಷಿಪ್ರಿಯರು 2015ರಿಂದ 2020ರವರೆಗೆ ಕಾಸರಗೋಡೂ ಸೇರಿದಂತೆ ರಾಜ್ಯವನ್ನು ಚೌಕಗಳಾಗಿ ವಿಂಗಡಿಸಿ, ಮಳೆಯ ಕಾಲ ಮತ್ತು ಒಣ ಕಾಲಗಳೆರಡರಲ್ಲೂ ಸಮೀಕ್ಷೆ ನಡೆಸಿ ಕೇರಳ ಬರ್ಡ್ ಅಟ್ಲಾಸ್ ರೂಪಿಸಿದರು. ಸುಮಾರು 25,000 ಪಟ್ಟಿಗಳು, ಮೂರು ಲಕ್ಷ ದಾಖಲೆಗಳು, 361 ಪ್ರಭೇದಗಳು. ಇದನ್ನು ಮಾಡಿದವರಲ್ಲಿ ಬಹುಪಾಲು ಸಂಬಳ ಪಡೆದ ವಿಜ್ಞಾನಿಗಳಲ್ಲ, ಸಾಮಾನ್ಯ ನಾಗರಿಕರು. ಅವರ ಚೌಕಗಳು ತೋಟ, ಕಾಡು, ಊರು ಎಂದು ಭೇದ ಮಾಡಲಿಲ್ಲ. ನೆಲ ಹೇಗಿದೆಯೋ ಹಾಗೆಯೇ ಎಣಿಸಿದವು. ಮೈಸೂರು ನಗರದಲ್ಲಿಯೂ ಇಂಥ ಒಂದು ಪಕ್ಷಿ ಅಟ್ಲಾಸ್ ಸಿದ್ಧವಾಗಿದೆ.

ದಾಖಲೆಗೆ ಜಾಗವೂ ಕಾನೂನಿನಲ್ಲಿದೆ. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ ಜನತಾ ಜೀವವೈವಿಧ್ಯ ದಾಖಲೆಯನ್ನೂ ಕಲ್ಪಿಸಿದೆ. ಗ್ರಾಮ ಪಂಚಾಯಿತಿಯ ಕಪಾಟಿನಲ್ಲಿ ಒಮ್ಮೆ ತುಂಬಿ ಮುಚ್ಚಿಡುವ ಪುಸ್ತಕವಾಗಿ ಅದು ಉಳಿಯಬೇಕಿಲ್ಲ. ತೋಟದಲ್ಲಿ ನಾಲ್ಕು ಬಿಂದು, ಅದೇ ತೋಟದ ಬೆಟ್ಟದಲ್ಲಿ ನಾಲ್ಕು ಬಿಂದು, ವರ್ಷಕ್ಕೆ ಎರಡು ಸಲ, ಜನವರಿಯಲ್ಲೊಮ್ಮೆ, ಮಳೆಗೆ ಮುನ್ನ ಮೇ ತಿಂಗಳಲ್ಲೊಮ್ಮೆ, ಹೆಸರುಗಳು ಊರಿನವು. ಮುಂದಿನ ವರ್ಷ ಅದೇ ಬಿಂದುಗಳು. ಹತ್ತು ವರ್ಷಗಳ ಬಳಿಕ ಅಲ್ಲಿ ಒಂದು ಚರಿತ್ರೆ ಇರುತ್ತದೆ. ಹೆಸರುಗಳ ಬಗ್ಗೆ ಚಿಂತೆ ಬೇಡ. ಕಾಜಾಣ, ಕೆಂಬೂತ, ಸೂರಕ್ಕಿ, ಕುಟ್ರು ಎಂದು ಬರೆದರೆ ಸಾಕು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಹಕ್ಕಿಗಳನ್ನು ನೋಡಿದ ಪೂರ್ಣಚಂದ್ರ ತೇಜಸ್ವಿಯವರು ಅವುಗಳ ಬಗ್ಗೆ ಕನ್ನಡದಲ್ಲಿಯೇ ಬರೆದು ತೋರಿಸಿದ್ದಾರೆ. ಕೃಷಿಕನೂ ವೀಕ್ಷಕನೂ ಒಬ್ಬನೇ ಆಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದೆಲ್ಲ ಪುಣೆಯಲ್ಲೋ ಮುಂಬಯಿಯಲ್ಲೋ ದುಬೈಯಲ್ಲೋ ಇರುವ ನಮಗೆ ಏಕೆ ಎಂಬ ಪ್ರಶ್ನೆ ಏಳಬಹುದು. ಉತ್ತರ ನಮ್ಮ ಹೆಸರಿನಲ್ಲಿರುವ ಪಹಣಿಗಳಲ್ಲಿದೆ. ಈ ಬರಹವನ್ನು ಓದುವವರಲ್ಲಿ ಹಲವರ ಊರಿನ ತೋಟ ಇಂದು ದೂರವಾಣಿಯ ಮೇಲೆ ನಡೆಯುತ್ತಿದೆ. ಅಪ್ಪನಿಗೆ ವಯಸ್ಸಾಗಿದೆ, ತಮ್ಮ ಬೆಂಗಳೂರಿನಲ್ಲಿದ್ದಾನೆ, ನೋಡಿಕೊಳ್ಳುವವರು ಕರೆ ಮಾಡಿ ಕೇಳುತ್ತಾರೆ: ‘ಬೆಟ್ಟದ ಆ ಹಳೇ ಮರ ತೆಗೆಸಲಾ? ಕುಮ್ಕಿಗೆ ರಬ್ಬರ್ ಹಾಕಿಸಲಾ? ಕೊಕ್ಕೊ ಕಿರಿಕಿರಿ, ಅಳಿಲು ತಿಂದು ಮುಗಿಸುತ್ತದೆ, ಕಡಿಸಿಬಿಡಲಾ?’ ಕಚೇರಿಯ ಗಡಿಬಿಡಿಯ ನಡುವೆ ನಾವು ‘ಹೂಂ’ ಎನ್ನುತ್ತೇವೆ. ಆ ಒಂದು ಅಕ್ಷರಕ್ಕೆ ನೂರು ಗಜದ ಕಾಡನ್ನು ಇಲ್ಲವಾಗಿಸುವ ಶಕ್ತಿಯಿದೆ. ಊರಿನಲ್ಲಿರುವವರು ಬೆಟ್ಟವನ್ನು ಉಳಿಸಿದ್ದು ಅದರಿಂದ ಸೊಪ್ಪು ಬೇಕಾಗಿತ್ತೆಂದು. ಊರು ಬಿಟ್ಟವರಿಗೆ ಸೊಪ್ಪಿನ ಹಂಗಿಲ್ಲ. ಹೀಗೆ ನೋಡಿದರೆ ಬೆಟ್ಟಕ್ಕೆ ಅತಿ ಹೆಚ್ಚು ಅಪಾಯವಿರುವುದು ಊರನ್ನು ಅತಿ ಹೆಚ್ಚು ನೆನೆಯುವ ನಮ್ಮಿಂದಲೇ.

2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ಹೇಳುವಂತೆ, ದೀರ್ಘಕಾಲದ ಏರಿಳಿತವನ್ನು ಅಳೆಯಲು ಸಾಕಷ್ಟು ಮಾಹಿತಿಯಿದ್ದ 338 ಪ್ರಭೇದಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ. ಇಂಥ ಕಾಲದಲ್ಲಿ ಶೇ 90ರಷ್ಟು ಹಕ್ಕಿಗಳನ್ನು ಉಳಿಸಿಕೊಂಡ ಒಂದು ಬೇಸಾಯ ಪದ್ಧತಿ ನಮ್ಮ ಹಿರಿಯರಿಂದ ನಮಗೆ ಬಂದಿದೆ. ಅದು ಅಡಿಕೆಯಿಂದ ಬಂದದ್ದಲ್ಲ, ಕೊಕ್ಕೊದಿಂದ ಬಂದದ್ದಲ್ಲ. ತೋಟವನ್ನೂ ಬೆಟ್ಟವನ್ನೂ ಒಂದೇ ಮನೆಯ ಎರಡು ಕೋಣೆಗಳಂತೆ ಕಂಡ ಬಾಳ್ವೆಯಿಂದ ಬಂದದ್ದು. ಆದ್ದರಿಂದ ಚಾಕೊಲೇಟು ಕಂಪನಿಯಾಗಲಿ, ಸಹಕಾರಿ ಸಂಘವಾಗಲಿ, ಸರ್ಕಾರವಾಗಲಿ ನಮ್ಮ ತೋಟದ ಹಕ್ಕಿಗಳ ಲೆಕ್ಕವನ್ನು ಕೇಳಿದಾಗ ನಾವು ಕೊಡಬೇಕಾದ ಉತ್ತರ ಒಂದೇ: ಎಣಿಸಿ, ಆದರೆ ಎರಡು ಕೋಣೆಗಳನ್ನೂ ಎಣಿಸಿ. ಬೆಟ್ಟವನ್ನು ಬಿಟ್ಟ ಲೆಕ್ಕಕ್ಕೆ ಯಾವ ಬಹುಮಾನವೂ ಸಲ್ಲದು. ಮುಂದಿನ ಸಲ ಊರಿನಿಂದ ಕರೆ ಬಂದಾಗ, ಆ ಹಳೆಯ ಮರದ ವಿಷಯಕ್ಕೆ ‘ಬೇಡ, ಇರಲಿ’ ಎನ್ನುವುದು ಆ ಲೆಕ್ಕದ ಮೊದಲ ಸಾಲು.